ಲಾಯ್ಟೆನ್ ಮತ್ತು ಆರು ಬೆಂಕಿಪೊಟ್ಟಣ
ಡಿಸೆಂಬರ್ 7, 2025, ಭಾನುವಾರ

ಲಾಯ್ಟೆನ್ ಕದನವನ್ನು ಪುಟ್ಟ ಗೊಂಬೆ, ದಾಳ ಇಟ್ಟು ಟೇಬಲ್ ಮೇಲೆ ತಮ್ಮನ ಜೊತೆ ಮತ್ತೆ ಆಡುವ ಆಟ ಇದು. ಕದನದ ದಿನ ಮೊನ್ನೆ ಶುಕ್ರವಾರವೇ ಕಳೆದುಹೋಯಿತು. ರಜೆ ಸಿಕ್ಕಿದ್ದು ಇವತ್ತು. ಊಟದ ಟೇಬಲ್ ರಾತ್ರಿ ಎಂಟರೊಳಗೆ ಖಾಲಿಯಾಗಬೇಕು ಅಂತ ಅಮ್ಮನ ಕಟ್ಟಪ್ಪಣೆ.

1757ರ ಡಿಸೆಂಬರ್ 5. ಸೈಲೀಷಿಯಾದ ಲಾಯ್ಟೆನ್, ಈಗ ಪೋಲೆಂಡಿನ ಲುಟಿನಿಯಾ. ಹಳೆಯ ಜರ್ಮನ್ ರಾಜ್ಯ ಪ್ರಷ್ಯದ ದೊರೆ ಫ್ರೆಡರಿಕ್ ಬಳಿ ಸುಮಾರು 33,000 ಜನ, ಎದುರಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಆಸ್ಟ್ರಿಯನ್ನರು. ಬೋರ್ನ ಹಳ್ಳಿಯ ಕಡೆ ಮುಂಪಡೆಯನ್ನು ತೋರಿಸಿದ; ಹೊಡೆತ ತಮ್ಮ ಬಲಪಕ್ಕಕ್ಕೆ ಅಂದುಕೊಂಡ ಆಸ್ಟ್ರಿಯನ್ನರು ಮೀಸಲು ಪಡೆಯನ್ನು ಅತ್ತ ಕಳಿಸಿದರು. ಅವನ ಮುಖ್ಯ ಸೈನ್ಯ ಸಣ್ಣ ದಿಬ್ಬಗಳ ಮರೆಯಲ್ಲೇ ದಕ್ಷಿಣಕ್ಕೆ ಸರಿದು ಅವರ ಎಡಪಕ್ಕದ ಮೇಲೆ ಬಿತ್ತು.

ನನ್ನ ತಲೆನೋವು ಆ ಮರೆಯೇ. ಟೇಬಲ್ ಪಕ್ಕ ನಿಂತವನಿಗೆ ದಿಬ್ಬದ ಆಚೆಯದೂ ಕಾಣುತ್ತದೆ. ಹೋದ ಸಲ ಆಸ್ಟ್ರಿಯಾ ಹಿಡಿದ ನನ್ನ ತಮ್ಮ ಮೊದಲ ಸರದಿಯಲ್ಲೇ ಮೀಸಲನ್ನೆಲ್ಲ ಎಡಕ್ಕೆ ತಂದು ನಿಲ್ಲಿಸಿ ಹಲ್ಲುಕಿರಿದ.

ಅಳತೆ ಮಾತ್ರ ಚೆನ್ನಾಗಿ ಕೂತಿದೆ. ಒಂದು ಸೆಂಟಿಮೀಟರಿಗೆ 50 ಮೀಟರ್. ಸುಮಾರು 8 ಕಿಲೋಮೀಟರ್ ಉದ್ದದ ಆಸ್ಟ್ರಿಯನ್ ಸಾಲು 160 ಸೆಂಟಿಮೀಟರಾಗಿ ಆರಡಿ ಟೇಬಲ್ಲಿಗೆ ಹಿಡಿಯುತ್ತದೆ. ಒಂದು ಬೆಟಾಲಿಯನ್ನಿಗೆ, ಅಂದರೆ ಕಾಲಾಳುಗಳ ಒಂದು ತುಕಡಿಗೆ, 3 ಸೆಂಟಿಮೀಟರಿನ ಹಲಗೆ, ಅದರ ಮೇಲೆ 6 ಮಿಲಿಮೀಟರ್ ಗೊಂಬೆಗಳು. ಆಗಿನ ಉದ್ದ ಬಂದೂಕು ಮಸ್ಕೆಟ್ಟನ್ನು ನಂಬಬಹುದಾದ ದೂರ ನೂರು ಮೀಟರ್, ಅಂದರೆ ಎರಡೇ ಸೆಂಟಿಮೀಟರ್! ಅದಕ್ಕೆ ಗುಂಡಿನ ನಿಯಮವನ್ನೇ ಕಿತ್ತುಹಾಕಿದೆ. ಹಲಗೆಗೆ ಹಲಗೆ ತಾಗಿದರೆ ದಾಳ ಎಸೆಯೋದು, ಅಷ್ಟೇ. ಗೊಂಬೆಯ ಕೋಟಿನ ಗುಂಡಿಗೂ ಬಣ್ಣ ಹಚ್ಚುವವರಿಗೆ ಇಷ್ಟು ಪುಟ್ಟ ಗೊಂಬೆ ಹಿಡಿಸಲ್ಲ. ನನಗೆ ಆ ಕಣ್ಣೂ ಇಲ್ಲ, ತಾಳ್ಮೆಯೂ ಇಲ್ಲ.

ಇವತ್ತು ಎರಡು ಹೊಸ ನಿಯಮ ಸೇರಿಸಿದೆ. ಪ್ರಷ್ಯದ ಸೈನ್ಯದ ಬದಲಿಗೆ ಆರು ಬೆಂಕಿಪೊಟ್ಟಣ, ಮೂರು ಖಾಲಿ. ಶತ್ರುವಿಗೆ 20 ಸೆಂಟಿಮೀಟರ್ ಹತ್ತಿರ ಬಂದಾಗಲೇ ತೆರೆಯಬೇಕು. ಎರಡನೆಯದು, ಆಸ್ಟ್ರಿಯನ್ ಪಕ್ಕಗಳಿಗೆ ಆಟಕ್ಕೆ ಮುಂಚೆಯೇ ಚೀಟಿಯಲ್ಲಿ ಆದೇಶ. ಬದಲಿಸಬೇಕೆಂದರೆ ಕುದುರೆ ಸವಾರ ಹೊರಡಬೇಕು, ಎರಡು ಸರದಿ ಕಳೆದ ಮೇಲೆ ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬಿದ್ದರೆ ತಲುಪಿದ. ಒಂದು ಸರದಿ ಅಂದರೆ ಇಪ್ಪತ್ತು ನಿಮಿಷ. ಮಧ್ಯಾಹ್ನ ಒಂದರಿಂದ ಕತ್ತಲಾಗುವವರೆಗೆ ಹನ್ನೆರಡು ಸರದಿ.

ಚೀಟಿಯಲ್ಲಿ ತಮ್ಮ ಮೀಸಲನ್ನು ಮತ್ತೆ ಎಡಕ್ಕೇ ಬರೆದಿರುತ್ತಾನೆ ಅಂತ ಊಹಿಸಿದೆ. ಊಹೆ ಸರಿಯಾಗಿತ್ತು. ಬುದ್ಧಿವಂತಿಕೆ ಮಾಡಿ ತುಂಬಿದ ಪೊಟ್ಟಣಗಳನ್ನು ಉತ್ತರಕ್ಕೆ, ಅವನ ಬಲಪಕ್ಕದ ನಿಪ್ಪರ್ನ್ ಹಳ್ಳಿಯ ಕಡೆಗೆ ನೂಕಿದೆ. ಅಲ್ಲಿ ಕಾಡು, ಜೌಗು. ನಡಿಗೆ ಅರ್ಧಕ್ಕರ್ಧ ಅಂತ ಬರೆದವನೂ ನಾನೇ. ಅವನ ಸವಾರ ಮೂರನೇ ಎಸೆತಕ್ಕೆ ತಲುಪಿದರೂ ನನ್ನ ಬೆಟಾಲಿಯನ್‌ಗಳು ಇನ್ನೂ ಕೆಸರಿನಲ್ಲೇ ಇದ್ದವು. ಹನ್ನೊಂದನೇ ಸರದಿಗೆ ಸೋಲೊಪ್ಪಿಕೊಂಡೆ.

"ಫ್ರೆಡರಿಕ್ ನಿನ್ನಷ್ಟು ಓದಿರಲಿಲ್ಲ ಬಿಡಣ್ಣ," ಅಂದ.

ಮುಂದಿನ ವಾರ ಪ್ರಷ್ಯ ಅವನಿಗೆ. ಖಾಲಿ ಪೊಟ್ಟಣಕ್ಕೂ ಒಂದೊಂದು ನಾಣ್ಯ ಹಾಕಬೇಕು, ಇವತ್ತು ಎತ್ತಿ ಇಡುವಾಗ ಸದ್ದು ಬೇರೆಯಾಗುತ್ತಿತ್ತು. ಅವನು ಕಿವಿ ಕೊಟ್ಟು ಕೇಳುತ್ತಿದ್ದುದನ್ನು ನಾನು ಗಮನಿಸಿದ್ದು ತಡವಾಗಿ.