ಐದನೆಯ ಸ್ಟಿಕ್ ಹಾಕಿದಾಗ

ನಾಲ್ಕು ಮೈನಿಂಗ್ ಸ್ಟಿಕ್ ಇರುವವರೆಗೆ ನನ್ನ ಯುಎಸ್‌ಬಿ ಹಬ್ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಐದನೆಯದನ್ನು ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೆ ಯಾವುದಾದರೂ ಒಂದು ಕೈಕೊಡುತ್ತಿತ್ತು. ಪ್ರತಿ ಸಲವೂ ಐದನೆಯದೇ ನಿಂತಿದ್ದರೆ ಅದೇ ಕೆಟ್ಟ ಪೀಸು ಅಂದುಕೊಂಡು ವಾಪಸ್ ಕಳಿಸಿ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಒಮ್ಮೆ ಎರಡನೆಯದು, ಇನ್ನೊಮ್ಮೆ ತುದಿಯದು, ಮತ್ತೊಮ್ಮೆ ಜೋಡಿಯಾಗಿ ಎರಡು. ಹೀಗೆ ಸರದಿ ಹಾಕಿಕೊಂಡು ಬೀಳುವ ಯಂತ್ರಗಳನ್ನು ನೋಡಿದಾಗ ತಪ್ಪು ಅವುಗಳದ್ದಲ್ಲ, ಅವು ಉಣ್ಣುತ್ತಿರುವ ಕಡೆಯದ್ದು ಎಂಬ ಗುಮಾನಿ ಬರಲೇಬೇಕು.

ಮೊದಲು ಈ ಸ್ಟಿಕ್‌ಗಳ ಬಗ್ಗೆ ಎರಡು ಮಾತು. ಬಿಟ್‌ಕಾಯಿನ್ ಮೈನಿಂಗ್ ಅಂದರೆ ಲೆಕ್ಕದ ಊಹೆಯ ಮೇಲೆ ಊಹೆ ಹಾಕುತ್ತಾ ಹೋಗುವುದು. ಸರಿಯಾದದ್ದು ಮೊದಲು ಸಿಕ್ಕವರಿಗೆ ಒಂದು ಬ್ಲಾಕ್ (ವಹಿವಾಟುಗಳ ಕಂತೆ), ಅದರ ಜೊತೆ ಬಿಟ್‌ಕಾಯಿನ್ ಬಹುಮಾನ. ಒಂದೊಂದು ಊಹೆಯೂ ಒಂದು ಹ್ಯಾಶ್. ಇವು ಬಿಟ್‌ಕಾಯಿನ್ ಮೈನಿಂಗ್‌ಗೆಂದೇ ಮಾಡಿದ ಒಂದೇ ಒಂದು ಚಿಪ್ ಕೂರಿಸಿದ, ಬೆನ್ನಿಗೆ ದೊಡ್ಡ ಹೀಟ್‌ಸಿಂಕ್ ಕಟ್ಟಿಕೊಂಡ ಪೆನ್‌ಡ್ರೈವ್‌ನಂಥ ಸಾಧನಗಳು. ನಾನು ಓಡಿಸುವ ವೇಗದಲ್ಲಿ ಒಂದೊಂದೂ ಸೆಕೆಂಡಿಗೆ 200 ಗಿಗಾಹ್ಯಾಶ್ (20,000 ಕೋಟಿ ಹ್ಯಾಶ್) ಆಸುಪಾಸು ಕೊಡುತ್ತದೆ. ಐದೂ ಸೇರಿದರೆ ಒಂದು ಟೆರಾಹ್ಯಾಶ್. ಕೇಳಲು ದೊಡ್ಡದು. ಆದರೆ ಇಡೀ ಬಿಟ್‌ಕಾಯಿನ್ ಜಾಲದ ವೇಗ 2024ರಲ್ಲೇ 600 ಎಕ್ಸಾಹ್ಯಾಶ್ ದಾಟಿತ್ತು. ಒಂದು ಎಕ್ಸಾ ಅಂದರೆ ಹತ್ತು ಲಕ್ಷ ಟೆರಾ. ಅಂದರೆ ನನ್ನ ಪಾಲು 60 ಕೋಟಿಯಲ್ಲಿ ಒಂದು. ಹತ್ತು ನಿಮಿಷಕ್ಕೊಂದು ಬ್ಲಾಕ್ ಎಂದು ಲೆಕ್ಕ ಹಾಕಿದರೆ, ಒಂಟಿಯಾಗಿ ಮೈನಿಂಗ್ ಮಾಡುವ ನನಗೆ ಒಂದು ಬ್ಲಾಕ್ ಸಿಗಲು ಸರಾಸರಿ ಹನ್ನೊಂದು ಸಾವಿರ ವರ್ಷ ಬೇಕು. ಆದ್ದರಿಂದ ಲಾಭದ ಮಾತು ಬಿಡಿ. ಇದು ಲಾಟರಿ ಟಿಕೆಟ್ಟೂ ಹೌದು, ಎಲೆಕ್ಟ್ರಾನಿಕ್ಸ್ ಹುಚ್ಚೂ ಹೌದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು.

2013ರಲ್ಲಿ ಬಂದ ಬ್ಲಾಕ್ ಇರಪ್ಟರ್ ಎಂಬ ಸ್ಟಿಕ್ ಸುಮಾರು 333 ಮೆಗಾಹ್ಯಾಶ್ ಕೊಡುತ್ತಿತ್ತು, ಎರಡೂವರೆ ವ್ಯಾಟ್ ತಿನ್ನುತ್ತಿತ್ತು. ಐದು ವೋಲ್ಟ್‌ಗೆ ಅದು ಅರ್ಧ ಆಂಪಿಯರ್. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದೂ 500 ಮಿಲಿಆಂಪಿಯರ್. ಅಳೆದು ಹೊಲಿದ ಹಾಗಿತ್ತು. ಯುಎಸ್‌ಬಿ 3.0 ಬಂದಾಗ ಆ ಮಿತಿ 900ಕ್ಕೆ ಏರಿತು. ಈಗಿನ ಸ್ಟಿಕ್‌ಗಳಿಗೆ ಅದೂ ಏನೇನೂ ಸಾಲದು. ನನ್ನವು ಒಂದೊಂದೂ ಎಂಟು ವ್ಯಾಟ್ ಆಸುಪಾಸು ಕೇಳುತ್ತವೆ, ಅಂದರೆ 1.6 ಆಂಪಿಯರ್. ಪ್ಲಗ್‌ನ ಆಕಾರವೊಂದನ್ನು ಬಿಟ್ಟರೆ ಇಲ್ಲಿ ಯುಎಸ್‌ಬಿ ನಿಯಮ ಅನ್ನುವುದು ಏನೂ ಉಳಿದಿಲ್ಲ. ಐದು ಸ್ಟಿಕ್‌ಗೆ ಎಂಟು ಆಂಪಿಯರ್. ಹಬ್ ಜೊತೆ ಬಂದ ಅಡಾಪ್ಟರ್ ಮೇಲೆ '5 ವೋಲ್ಟ್, 10 ಆಂಪಿಯರ್' ಎಂದು ಅಚ್ಚಾಗಿತ್ತು. ಕಾಗದದ ಲೆಕ್ಕದಲ್ಲಿ ಎರಡು ಆಂಪಿಯರ್ ಉಳಿತಾಯವೇ.

ಆ ಭಾನುವಾರ ಬೆಳಿಗ್ಗೆ ಇದನ್ನು ಬಗೆಹರಿಸಿಯೇ ಏಳುವುದು ಎಂದು ಕೂತೆ. ಮೈನಿಂಗ್ ನಡೆಸುವ ಸಿಜಿಮೈನರ್ ತೆರೆ ಮೇಲೆ ಐದೂ ಸ್ಟಿಕ್ ಕಾಣಿಸಿದವು. ಈ ಸಾಫ್ಟ್‌ವೇರ್ ಚಿಪ್ ಓಡುವ ಫ್ರೀಕ್ವೆನ್ಸಿಯನ್ನು ಒಮ್ಮೆಲೇ ಏರಿಸುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ. ಹಾಗಾಗಿ ಶುರುವಿನ ಕೆಲವು ನಿಮಿಷ ಎಲ್ಲವೂ ಸುಖವಾಗಿಯೇ ಇತ್ತು. ಕೊನೆಯ ಮೆಟ್ಟಿಲಿಗೆ ಬಂದಾಗ ಹಾರ್ಡ್‌ವೇರ್ ಎರರ್ ಎಣಿಕೆ ಏರತೊಡಗಿತು, ಒಂದು ಸ್ಟಿಕ್‌ನ ಮುಂದೆ 'ಝಾಂಬಿ' (ಸಂಪರ್ಕ ಕಳೆದುಕೊಂಡದ್ದು) ಎಂದು ಬಂತು. ಕಂಪ್ಯೂಟರಿನ ಒಳಗಿನ ಘಟನೆಗಳನ್ನು ಬರೆದಿಡುವ ಲಿನಕ್ಸ್‌ನ ಕರ್ನಲ್ ಲಾಗ್ ನೋಡಿದರೆ 'ಯುಎಸ್‌ಬಿ ಡಿಸ್‌ಕನೆಕ್ಟ್' ಎಂಬ ಸಾಲು, ಅದರ ಬೆನ್ನಿಗೇ ಅದೇ ಸ್ಟಿಕ್ ಹೊಸ ನಂಬರಿನಲ್ಲಿ ಮತ್ತೆ ಹಾಜರು. ಒಂದು ಬಿದ್ದ ಕೂಡಲೇ ಉಳಿದ ನಾಲ್ಕು ಚೇತರಿಸಿಕೊಳ್ಳುತ್ತಿದ್ದವು. ಬಿದ್ದದ್ದು ಎದ್ದು ಮತ್ತೆ ಮೆಟ್ಟಿಲು ಹತ್ತಿದರೆ ಇನ್ಯಾವುದೋ ಬೀಳುತ್ತಿತ್ತು.

ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಹಚ್ಚಿದೆ. ಅವನಿಗೆ ಬಿಟ್‌ಕಾಯಿನ್ ಅಂದರೆ ಅಷ್ಟಕ್ಕಷ್ಟೇ, ಆದರೆ ಪವರ್ ಸಪ್ಲೈ ಅಂದರೆ ಊಟ ಬಿಟ್ಟು ಬರುತ್ತಾನೆ.

"ವೋಲ್ಟೇಜ್ ಎಷ್ಟಿದೆ?"

"ಅಡಾಪ್ಟರ್ ಹತ್ತಿರ 5.1 ಇದೆ ಕಣೋ."

"ಅಡಾಪ್ಟರ್ ಹತ್ತಿರದ್ದು ಯಾರಿಗೆ ಬೇಕು? ಸ್ಟಿಕ್ ಕೂತಿರೋ ಜಾಗದಲ್ಲಿ ಎಷ್ಟಿದೆ? ಅದೂ ಐದೂ ಓಡ್ತಿರುವಾಗ."

ಓಡುತ್ತಿರುವ ಪೋರ್ಟ್‌ನೊಳಗೆ ಮಲ್ಟಿಮೀಟರ್‌ನ ಮೊನೆ ತೂರಿಸುವುದು ಅಪಾಯದ ಕೆಲಸ. ಸ್ವಲ್ಪ ಜಾರಿದರೆ ಎರಡು ಪಿನ್ ಸೇರಿ ಶಾರ್ಟ್. ಅದಕ್ಕೆ ಸುಲಭ ಉಪಾಯವಿದೆ. ಹಳೆಯ ಯುಎಸ್‌ಬಿ ಕೇಬಲ್ ಒಂದನ್ನು ಕತ್ತರಿಸಿ, ಕೆಂಪು ಮತ್ತು ಕಪ್ಪು ತಂತಿಗಳ ತುದಿ ಸುಲಿದು, ಹಸಿರು-ಬಿಳಿ ತಂತಿಗಳನ್ನು ಟೇಪ್ ಸುತ್ತಿ ಮಡಚಿಟ್ಟು, ಪಕ್ಕದ ಖಾಲಿ ಪೋರ್ಟ್‌ಗೆ ಚುಚ್ಚಿದೆ. ಆ ಪೋರ್ಟ್‌ನಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಹಬ್‌ನ ಒಳಗಿನ ನಿಜವಾದ ವೋಲ್ಟೇಜ್ ಹೊರಗೆ ಸಿಗುತ್ತದೆ. ಕರೆಂಟ್ ತೋರಿಸುವ ಪುಟ್ಟ ಯುಎಸ್‌ಬಿ ಮೀಟರ್‌ಗಳೂ ಸಿಗುತ್ತವೆ, ನನ್ನ ಬಳಿಯೂ ಒಂದಿದೆ. ಆದರೆ ಸ್ಟಿಕ್‌ಗೂ ಹಬ್‌ಗೂ ನಡುವೆ ಅದನ್ನು ತೂರಿಸಿದರೆ ಅದೇ ಒಂದಷ್ಟು ವೋಲ್ಟ್ ನುಂಗಿಬಿಡುತ್ತದೆ.

ಒಂದೇ ಸ್ಟಿಕ್ ಓಡುವಾಗ ಹಬ್‌ನಲ್ಲಿ 4.95. ಎರಡು, ಮೂರು ಎಂದು ಸೇರಿಸುತ್ತಾ ಹೋದಂತೆ ಅಂಕಿ ಇಳಿಯುತ್ತಾ ಬಂತು. ನಾಲ್ಕಕ್ಕೆ 4.5ರ ಆಸುಪಾಸು. ಐದಕ್ಕೆ 4.4, ಅದೂ ಹಬ್‌ನ ಬೋರ್ಡ್‌ನಲ್ಲಿ. ಕವಚ ತೆಗೆದು ಕೊನೆಯ ಸ್ಟಿಕ್‌ನ ಪಿನ್‌ಗಳ ಬೆಸುಗೆಯ ಮೇಲೆ ಹುಷಾರಾಗಿ ಮೊನೆ ಇಟ್ಟು ನೋಡಿದರೆ 4.2. ಸ್ವಂತ ಪವರ್ ಇರುವ ಹಬ್‌ನ ಪೋರ್ಟ್‌ನಲ್ಲಿ 4.75ರಿಂದ 5.25ರ ನಡುವೆ ಇರಬೇಕು ಎಂದು ಯುಎಸ್‌ಬಿ 2.0 ಹೇಳುತ್ತದೆ. ಅಡಾಪ್ಟರ್ ಮಾತ್ರ ತನ್ನ ಬಾಯಲ್ಲಿ ಅಷ್ಟು ಹೊತ್ತೂ 5.1 ಬಿಟ್ಟು ಕದಲಿರಲಿಲ್ಲ. ಅದರ ಲೇಬಲ್ ಸುಳ್ಳು ಹೇಳಿರಲಿಲ್ಲ.

ವೋಲ್ಟ್ ಕಳೆದದ್ದು ದಾರಿಯಲ್ಲಿ. ಅಡಾಪ್ಟರ್‌ನಿಂದ ಹಬ್‌ಗೆ ಬರುವ ತಂತಿ 20 ಗೇಜ್, ಉದ್ದ ಒಂದು ಮೀಟರಿಗೂ ಸ್ವಲ್ಪ ಹೆಚ್ಚು. 20 ಗೇಜ್ ತಾಮ್ರದ ತಂತಿಗೆ ಮೀಟರಿಗೆ 0.033 ಓಮ್ ರೋಧ. ಜನ ಕೆಂಪು ತಂತಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹೋದ ಕರೆಂಟ್ ಕಪ್ಪು ತಂತಿಯಲ್ಲಿ ವಾಪಸ್ ಬರಬೇಕಲ್ಲ, ಅಲ್ಲಿಯೂ ಅಷ್ಟೇ ನಷ್ಟ. ಎರಡೂ ಸೇರಿ ಸುಮಾರು 0.08 ಓಮ್. ಒಂಬತ್ತು ಆಂಪಿಯರ್ ಹರಿದರೆ 0.7 ವೋಲ್ಟ್ ಮಾಯ. ಅಷ್ಟು ವೋಲ್ಟ್ ಅಷ್ಟು ಆಂಪಿಯರ್ ಎಂದರೆ ಆರು ವ್ಯಾಟ್‌ಗೂ ಮಿಕ್ಕಿ ಬರೀ ತಂತಿ ಕಾಯಿಸಲು ಹೋಗುತ್ತಿತ್ತು. ಮುಟ್ಟಿ ನೋಡಿದೆ, ತಂತಿ ಬೆಚ್ಚಗಿತ್ತು. ಅದರ ತುದಿಯ ದುಂಡಗಿನ ಡಿಸಿ ಪಿನ್ ಇನ್ನೂ ಬಿಸಿ, ಬೆರಳು ಬಹಳ ಹೊತ್ತು ಇಡಲಾಗದಷ್ಟು. ಈ ಬಗೆಯ ಪಿನ್‌ಗಳು ಸಾಮಾನ್ಯವಾಗಿ ಐದು ಆಂಪಿಯರ್ ಮೀರಿದ ಕರೆಂಟ್‌ಗೆ ಮಾಡಿದವಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಎಂಟು ಆಂಪಿಯರ್ ಎಂದು ಲೆಕ್ಕ ಹಾಕಿದ್ದು ಒಂಬತ್ತು ಯಾಕಾಯಿತು? ಬಲ್ಬ್‌ನ ತಂತಿಗಾದರೆ ವೋಲ್ಟ್ ಇಳಿದಂತೆ ಕರೆಂಟೂ ಇಳಿಯುತ್ತದೆ. ಸ್ಟಿಕ್‌ನ ಒಳಗಿರುವುದು ಬಕ್ ಕನ್ವರ್ಟರ್. ಐದು ವೋಲ್ಟನ್ನು ಚಿಪ್‌ಗೆ ಬೇಕಾದ ಕಡಿಮೆ ವೋಲ್ಟ್‌ಗೆ ಇಳಿಸುವುದು ಅದರ ಕೆಲಸ. ಚಿಪ್‌ಗೆ ಎಂಟು ವ್ಯಾಟ್ ಬೇಕೆಂದರೆ ಬೇಕೇ. 5 ವೋಲ್ಟ್ ಸಿಕ್ಕರೆ 1.6 ಆಂಪಿಯರ್ ಎಳೆಯುತ್ತದೆ, 4.2 ಸಿಕ್ಕರೆ 1.9 ಎಳೆಯುತ್ತದೆ. ಸಂಬಳ ಕಡಿಮೆಯಾದಷ್ಟೂ ಸಾಲ ಹೆಚ್ಚು ಕೇಳುವವನ ಹಾಗೆ. ಹೆಚ್ಚು ಕರೆಂಟ್ ಎಳೆದರೆ ತಂತಿಯಲ್ಲಿ ಇನ್ನಷ್ಟು ವೋಲ್ಟ್ ಹೋಗುತ್ತದೆ, ವೋಲ್ಟ್ ಇನ್ನಷ್ಟು ಇಳಿದರೆ ಐದೂ ಸ್ಟಿಕ್ ಮತ್ತಷ್ಟು ಎಳೆಯುತ್ತವೆ. ಎಲ್ಲೋ ಒಂದು ಕಡೆ ಇದು ನಿಲ್ಲುತ್ತದೆ, ಇಲ್ಲವೇ ಅದಕ್ಕೆ ಮೊದಲೇ ಯಾವುದೋ ಒಂದರ ಕನ್ವರ್ಟರ್ ಕೈಚೆಲ್ಲುತ್ತದೆ. ಆ ಕ್ಷಣಕ್ಕೆ ಯಾವುದು ಸ್ವಲ್ಪ ದುರ್ಬಲವೋ ಅದರ ಸರದಿ. ಬೇರೆ ಬೇರೆ ಸ್ಟಿಕ್ ಬೀಳುತ್ತಿದ್ದುದು ಇದಕ್ಕೇ. ಹತ್ತು ಆಂಪಿಯರ್ ಬದಲು ಇಪ್ಪತ್ತು ಆಂಪಿಯರ್‌ನ ಅಡಾಪ್ಟರ್ ತಂದು ಇದೇ ತಂತಿಗೆ ಕಟ್ಟಿದ್ದರೂ ಒಂದು ಚೂರೂ ವ್ಯತ್ಯಾಸ ಆಗುತ್ತಿರಲಿಲ್ಲ.

ಗೆಳೆಯ ಹಳೆಯ ಕಂಪ್ಯೂಟರಿನ ಎಟಿಎಕ್ಸ್ ಸಪ್ಲೈ ಬಳಸು ಅಂದ. ಅದರ ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿದರೆ ಚಾಲೂ ಆಗುತ್ತದೆ, ಐದು ವೋಲ್ಟ್‌ನಲ್ಲಿ ಇಪ್ಪತ್ತು ಆಂಪಿಯರ್ ತನಕ ಕೊಡುವವೂ ಇವೆ. ಆದರೆ ಹಳೆಯ ವಿನ್ಯಾಸದವುಗಳಲ್ಲಿ 12 ವೋಲ್ಟ್ ಕಡೆಗೆ ಲೋಡ್ ಇಲ್ಲದೆ 5ರ ಕಡೆಯೊಂದನ್ನೇ ಎಳೆದರೆ ವೋಲ್ಟೇಜ್ ಅತ್ತಿತ್ತ ಹೊಯ್ದಾಡುತ್ತದೆ. ಮೇಲಾಗಿ ಫ್ಯಾನಿನ ಗದ್ದಲ. ನಾನು ತಗಡಿನ ಜಾಲರಿ ಡಬ್ಬಿಯ, ಸ್ಕ್ರೂ ಟರ್ಮಿನಲ್ ಇರುವ 5 ವೋಲ್ಟ್ 18 ಆಂಪಿಯರ್‌ನ ಎಸ್‌ಎಂಪಿಎಸ್ (ಮೇನ್ಸ್ ಕರೆಂಟನ್ನು ಡಿಸಿಗೆ ಇಳಿಸುವ ಸಪ್ಲೈ) ಆರಿಸಿಕೊಂಡೆ. ಬೇರೊಂದು ಕೆಲಸಕ್ಕೆಂದು ತಂದಿದ್ದು ಕಪಾಟಿನಲ್ಲೇ ಇತ್ತು. ಇದರಲ್ಲಿ ವೋಲ್ಟೇಜ್ ಹೊಂದಿಸಲು ಪುಟ್ಟ ಸ್ಕ್ರೂ ಇರುತ್ತದೆ, ಅದು ದೊಡ್ಡ ಅನುಕೂಲ. ಒಂದೇ ಎಚ್ಚರಿಕೆ: ಮನೆಯ ಮೇನ್ಸ್ ತಂತಿ ಕೂರುವ ಟರ್ಮಿನಲ್‌ಗಳೂ ಅದೇ ಸಾಲಿನಲ್ಲಿ ಪಕ್ಕದಲ್ಲೇ ಇರುತ್ತವೆ. ಪ್ಲಾಸ್ಟಿಕ್ ಮುಚ್ಚಳ ಹಾಕದೆ, ಡಬ್ಬಿಗೆ ಅರ್ತ್ ಕೊಡದೆ ಅದನ್ನು ಮೇಜಿನ ಮೇಲೆ ಇಡಬಾರದು.

ಹಬ್‌ನ ಡಿಸಿ ಸಾಕೆಟ್ಟನ್ನು ಪೂರ್ತಿ ಬದಿಗಿಟ್ಟೆ. ಬೋರ್ಡ್ ತಿರುಗಿಸಿದರೆ ಐದು ವೋಲ್ಟ್‌ನ ತಾಮ್ರದ ಪಟ್ಟಿ ಪೋರ್ಟ್‌ಗಳ ಉದ್ದಕ್ಕೂ ಓಡುವುದು ಹಸಿರು ಬಣ್ಣದ ಅಡಿಯಲ್ಲಿ ಕಾಣುತ್ತದೆ. ಸಾಕೆಟ್ ಇದ್ದ ತುದಿಯಲ್ಲಿ ಅಗಲ, ಆಚೆ ತುದಿಗೆ ಹೋಗುವಷ್ಟರಲ್ಲಿ ಕಿರಿದು. ಕೊನೆಯ ಪೋರ್ಟ್ ಸೊರಗಿದ್ದರಲ್ಲಿ ಆಶ್ಚರ್ಯವೇನು? ಎರಡೂ ತುದಿಗಳಲ್ಲಿ ಬಣ್ಣ ಕೆರೆದು, ತಾಮ್ರಕ್ಕೆ ಸೀಸ ಹಿಡಿಸಿ, 2.5 ಚದರ ಮಿಲಿಮೀಟರ್‌ನ ತಂತಿಯನ್ನು ಜೋಡಿಯಾಗಿ ಒಂದೊಂದು ತುದಿಗೂ ಬೆಸೆದೆ. ಉದ್ದ ಅರ್ಧ ಮೀಟರ್, ಅದಕ್ಕಿಂತ ಒಂದಿಂಚೂ ಹೆಚ್ಚಿಲ್ಲ. ದಪ್ಪ ತಂತಿ ಬೆಸೆಯುವಾಗ ಸಣ್ಣ ಸೋಲ್ಡರಿಂಗ್ ಐರನ್ ಸಾಲುವುದಿಲ್ಲ. ತಂತಿಯೇ ಬಿಸಿಯನ್ನೆಲ್ಲ ಎಳೆದುಕೊಂಡು ಬೆಸುಗೆ ಮೇಲೆ ಮೇಲೆ ಅಂಟಿಕೊಂಡು ಕೂರುತ್ತದೆ. ದೊಡ್ಡ ಮೊನೆ ಹಾಕಿ, ಸೀಸ ಹೊಳೆಯುತ್ತಾ ಹರಿದು ತಂತಿಯ ಎಳೆಗಳೊಳಗೆ ಇಳಿಯುವ ತನಕ ಒತ್ತಿ ಹಿಡಿದೆ. ಪ್ರತಿ ಕೆಂಪು ತಂತಿಗೂ ಕಾರಿನಲ್ಲಿ ಬಳಸುವ 7.5 ಆಂಪಿಯರ್‌ನ ಬ್ಲೇಡ್ ಫ್ಯೂಸ್. ಹದಿನೆಂಟು ಆಂಪಿಯರ್ ತಳ್ಳಬಲ್ಲ ಸಪ್ಲೈ ಮುಂದೆ ಫ್ಯೂಸ್ ಇಲ್ಲದಿದ್ದರೆ, ಒಂದು ಶಾರ್ಟ್ ಆದ ದಿನ ಹಬ್ ಪ್ಲಾಸ್ಟಿಕ್ ಹೊಗೆಯಾಗುತ್ತದೆ.

ಇನ್ನು ಹಿಂದಕ್ಕೆ ಹರಿಯುವ ಕರೆಂಟಿನ ಕಥೆ. ಮೈನಿಂಗ್ ಓಡಿಸುವ ನನ್ನ ಚಿಕ್ಕ ಕಂಪ್ಯೂಟರ್ ಬೋರ್ಡ್‌ನ ಪ್ಲಗ್ ಕಿತ್ತಿಟ್ಟು ಕೆಲಸ ಮಾಡುತ್ತಿದ್ದೆ. ಹೊಸ ಸಪ್ಲೈ ಹಾಕಿದ ಕೂಡಲೇ ಆ ಬೋರ್ಡ್‌ನ ಕೆಂಪು ದೀಪ ತಾನಾಗಿ ಹತ್ತಿಕೊಂಡಿತು! ಹಬ್‌ನ ಐದು ವೋಲ್ಟ್ ಡೇಟಾ ಕೇಬಲ್‌ನ ಕೆಂಪು ತಂತಿ ಹಿಡಿದು ಹಿಮ್ಮುಖವಾಗಿ ಕಂಪ್ಯೂಟರ್ ಸೇರುತ್ತಿತ್ತು. ಇದನ್ನು ತಡೆಯುವ ಡಯೋಡ್ ಅಥವಾ ಸ್ವಿಚ್ಚನ್ನು ದುಡ್ಡು ಉಳಿಸಲೆಂದು ಹಾಕದೇ ಬಿಡುವ ಅಗ್ಗದ ಹಬ್‌ಗಳು ಬಹಳ. ಕಂಪ್ಯೂಟರಿನ ಸಪ್ಲೈ ಮತ್ತು ಹಬ್‌ನ ಸಪ್ಲೈ ಒಂದಕ್ಕೊಂದು ತಳ್ಳಾಡುವುದು ಎರಡಕ್ಕೂ ಒಳ್ಳೆಯದಲ್ಲ. ಕೇಬಲ್‌ನ ಹೊರಕವಚ ಸೀಳಿ ಕೆಂಪು ತಂತಿಯೊಂದನ್ನೇ ಕತ್ತರಿಸಿ ಟೇಪ್ ಸುತ್ತಿದೆ. ಕಪ್ಪು ತಂತಿಯನ್ನು ಮುಟ್ಟಬಾರದು, ಡೇಟಾ ಸಿಗ್ನಲ್‌ಗೆ ಅದೇ ಆಧಾರ. ಕೆಲವು ಹಬ್‌ಗಳು ಆ ಕೆಂಪು ತಂತಿಯಲ್ಲಿ ವೋಲ್ಟ್ ಕಂಡರೆ ಮಾತ್ರ ಕಂಪ್ಯೂಟರ್ ಇದೆ ಎಂದು ತಿಳಿದು ಎಚ್ಚರವಾಗುತ್ತವೆ. ಅಂಥದ್ದಾದರೆ ಈ ಉಪಾಯ ನಡೆಯದು. ನನ್ನದು ತಕರಾರು ತೆಗೆಯಲಿಲ್ಲ.

ಐದೂ ಸ್ಟಿಕ್ ಓಡಲು ಬಿಟ್ಟು, ಫ್ರೀಕ್ವೆನ್ಸಿ ಪೂರ್ತಿ ಏರಿದ ಮೇಲೆ ಸಪ್ಲೈನ ಸ್ಕ್ರೂ ತಿರುಗಿಸಿ ಅದರ ಟರ್ಮಿನಲ್‌ನಲ್ಲಿ 5.1ಕ್ಕೆ ಹೊಂದಿಸಿದೆ. ಹಬ್‌ನ ಬೋರ್ಡ್‌ನಲ್ಲಿ 5.05, ಕೊನೆಯ ಪೋರ್ಟ್‌ನಲ್ಲಿ 4.95. ಲೋಡ್ ತೆಗೆದರೂ 5.25 ದಾಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಮಧ್ಯಾಹ್ನದಿಂದ ರಾತ್ರಿ ಮಲಗುವವರೆಗೆ ಕರ್ನಲ್ ಲಾಗ್‌ನಲ್ಲಿ ಒಂದೇ ಒಂದು ಡಿಸ್‌ಕನೆಕ್ಟ್ ಸಾಲು ಬರಲಿಲ್ಲ.

ಗೆಳೆಯನಿಗೆ ಸುದ್ದಿ ಹೇಳಿದರೆ, "ಹಂಗಾದ್ರೆ ಸ್ಪೀಡ್ ಏರಿಸು" ಎಂದು ಹುರಿದುಂಬಿಸಿದ. ಒಂದು ಸ್ಟಿಕ್ ಮೇಲೆ ಮಾತ್ರ ಪ್ರಯೋಗ ಮಾಡಿದೆ. ಪವರ್ ಈಗ ತೊಂದರೆಯೇ ಅಲ್ಲ. ಆದರೆ ಫ್ರೀಕ್ವೆನ್ಸಿ ಏರಿಸಿದರೆ ಚಿಪ್‌ನ ವೋಲ್ಟೇಜನ್ನೂ ಏರಿಸಬೇಕು. ಚಿಪ್ ತಿನ್ನುವ ಪವರ್ ಫ್ರೀಕ್ವೆನ್ಸಿಯ ಜೊತೆ ನೇರವಾಗಿ, ವೋಲ್ಟೇಜಿನ ಜೊತೆ ವರ್ಗವಾಗಿ ಏರುತ್ತದೆ. ಕಾಲುಪಾಲು ವೇಗ ಗಳಿಸಿದ್ದಕ್ಕೆ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾದಿತು, ಎರರ್ ಎಣಿಕೆ ಮತ್ತೆ ಶುರುವಾಯಿತು. ಐದನ್ನೂ ಹೀಗೇ ಏರಿಸಿ ಹನ್ನೊಂದು ಸಾವಿರ ವರ್ಷವನ್ನು ಒಂಬತ್ತು ಸಾವಿರಕ್ಕೆ ಇಳಿಸಲು ಇಷ್ಟು ಬಿಸಿ ಯಾಕೆ ಎಂದು ಮೊದಲಿನ ವೇಗಕ್ಕೇ ತಂದು ಬಿಟ್ಟೆ. ಈಗ ಐದೂ ಸ್ಟಿಕ್ ಎದುರು ಒಂದು 120 ಮಿಲಿಮೀಟರ್ ಫ್ಯಾನ್ ತಿರುಗುತ್ತದೆ. ಅದಕ್ಕೆ ಪವರ್ ಮಾತ್ರ ಹಬ್‌ನಿಂದ ಕೊಟ್ಟಿಲ್ಲ.