ಶಿವಮೊಗ್ಗದಿಂದ ಉದ್ದದ ಚಾರಣ: ಕಾರು ತೀರ್ಥಹಳ್ಳಿಯಲ್ಲೇ ಬಿಟ್ಟು ಹೋಗಿ

ಶಿವಮೊಗ್ಗದವರಿಗೆ ಗುಡ್ಡಗಳಿಗೇನೂ ಬರ ಇಲ್ಲ. ಎರಡು ಮೂರು ಗಂಟೆ ಗಾಡಿ ಓಡಿಸಿದರೆ ಯಾವುದೋ ಒಂದರ ಬುಡದಲ್ಲಿ ಇರುತ್ತೀರಿ. ಆದರೆ ಬೆಳಗ್ಗೆ ಶುರು ಮಾಡಿ ಸಂಜೆವರೆಗೂ ನಡೆಯುವಂಥ, ಹೋದ ದಾರಿಯಲ್ಲೇ ವಾಪಸ್ ಬರಬೇಕಾಗಿಲ್ಲದ ದಾರಿ ಬೇಕು ಅಂದರೆ ಆಯ್ಕೆ ತುಂಬ ಕಮ್ಮಿ. ನನಗೂ ನಮ್ಮ ಭಾವನಿಗೂ ಬೇಕಾಗಿದ್ದು ಅದೇ. ಎಲ್ಲ ನೋಡಿ ಕೊನೆಗೆ ಹೋಗಿದ್ದು ನರಸಿಂಹ ಪರ್ವತಕ್ಕೆ: ಆಗುಂಬೆ ಪಕ್ಕದ ಮಲ್ಲಂದೂರಿನಿಂದ ಹತ್ತಿ ಶೃಂಗೇರಿ ಕಡೆಯ ಕಿಗ್ಗಕ್ಕೆ ಇಳಿಯುವುದು. ಉಳಿದವನ್ನು ಯಾಕೆ ಬಿಟ್ಟೆವು ಅಂತ ಮೊದಲು ಹೇಳುತ್ತೇನೆ, ಅದೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು.

ಕೊಡಚಾದ್ರಿ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು. 1343 ಮೀಟರ್ ಎತ್ತರ, ರಿಪ್ಪನ್‌ಪೇಟೆ, ಹೊಸನಗರ, ನಗರ ಅಂತ ಹೋದರೆ ನಿಟ್ಟೂರು ಸಿಗುತ್ತದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಸಾಗರದ ಕಡೆಯವರು ಶರಾವತಿ ಹಿನ್ನೀರು ದಾಟಲು ಲಾಂಚ್ ಕಾಯುವುದೂ ತಪ್ಪಿದೆ. ಹಿಡ್ಲುಮನೆ ಅಬ್ಬಿಯ ಮೇಲಿನಿಂದ ಹತ್ತುವ ದಾರಿ ನಿಜಕ್ಕೂ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಮೇಲೆ. ನೀವು ಬೆವರು ಸುರಿಸಿ ಹತ್ತಿದ್ದೀರಿ, ಅಲ್ಲಿ ನೋಡಿದರೆ ಜೀಪಿನಿಂದ ಇಳಿದವರು ಚಿಪ್ಸ್ ತಿನ್ನುತ್ತಾ ಸರ್ವಜ್ಞ ಪೀಠದ ಮುಂದೆ ಸೆಲ್ಫಿಗೆ ಸಾಲು ನಿಂತಿರುತ್ತಾರೆ. ಹಿಂದೊಮ್ಮೆ ಅಲ್ಲಿ ಭಾವನ ಮಂಡಿ ಹಿಡಿದುಕೊಂಡಿತು. ಕೆಳಗೆ ಹೋಗುವ ಜೀಪಿನಲ್ಲಿ ಎರಡು ಸೀಟು ಕೇಳಿದೆವು. ಬಂದ ಜೀಪುಗಳೆಲ್ಲ ಹೋಗಿ ಬರುವುದಕ್ಕೇ ಮಾತಾಡಿಕೊಂಡವು, ಸೀಟು ಇಲ್ಲ. ಖಾಲಿ ಇದ್ದ ಒಬ್ಬರು ಸಿಕ್ಕರು. "ಇಳಿಯೋಕೂ ಪೂರ್ತಿ ಗಾಡಿ ದುಡ್ಡೇ ಸಾರ್, ಬೇಕಾದ್ರೆ ಹತ್ತಿ." ಅರ್ಧ ದಾರಿ ಇಳಿದ ಮೇಲೆ ಗಾಡಿ ನಿಲ್ಲಿಸಿ ಇನ್ನೂ ನಾಲ್ಕು ಜನರನ್ನು ಹತ್ತಿಸಿಕೊಂಡರು, ಅವರಿಂದಲೂ ದುಡ್ಡು ತೆಗೆದುಕೊಂಡರು. ಕೇಳಿದ್ದಕ್ಕೆ ನಗು. ಹತ್ತುವಾಗ ನಡೆದು ಇಳಿಯುವಾಗ ಜೀಪು ಅಂತ ಯಾರಾದರೂ ಲೆಕ್ಕ ಹಾಕಿದ್ದರೆ ಕೆಳಗಿರುವಾಗಲೇ ಮಾತಾಡಿಕೊಳ್ಳಿ. ಮೇಲೆ ಹೋದ ಮೇಲೆ ನಿಮ್ಮ ಮಾತು ನಡೆಯಲ್ಲ.

ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಗೆ ಗುಡ್ಡದ ನೆತ್ತಿಯ ಮೇಲೇ ಹೋಗುವ ದಾರಿ ಇದೆ. ಕಾಗದದ ಮೇಲೆ ನೋಡಿದರೆ ಅದೇ ಎಲ್ಲಕ್ಕಿಂತ ಚೆಂದ. ಆದರೆ ರಾಜ್ಯದ ಅತಿ ಎತ್ತರದ ಗುಡ್ಡ ಅಂತ ಊರಿಗೆಲ್ಲ ಗೊತ್ತಾಗಿ ಎಷ್ಟೋ ವರ್ಷ ಆಯಿತು. ಈಗ ಗಾಡಿ ತರುವುದಕ್ಕೂ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ನೆರಳಿಲ್ಲ, ನೀರಿಲ್ಲ, ಕೆಳಗೆ ಹಾರ್ನ್ ಸದ್ದು ನಿಲ್ಲುವುದೇ ಇಲ್ಲ. ಜನ ಕಂಡರೆ ನನಗೆ ಅಷ್ಟಕ್ಕಷ್ಟೇ, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಯೇ ತೆಗೆದುಕೊಳ್ಳಿ.

ಕುದುರೆಮುಖ ಬಿಟ್ಟಿದ್ದಕ್ಕೆ ಕಾರಣ ಬೇರೆ. ಮುಳ್ಳೋಡಿಯಿಂದ ಹೋಗಿ ಬರುವುದು 20 ಕಿ.ಮೀ. ಆಸುಪಾಸು, ಶೋಲಾ ಕಾಡು, ಹುಲ್ಲುಗಾವಲು, ಹಳ್ಳ ಎಲ್ಲ ಇದೆ, ಕಾಲಿಗೆ ಕೆಲಸವೂ ಸಿಗುತ್ತದೆ. ಆದರೆ ಹೋದ ದಾರಿಯಲ್ಲೇ ಬರಬೇಕು, ಜೊತೆಗೆ ಶನಿವಾರ ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಟಿಕೆಟ್‌ಗೆ ಮಿತಿ ಇರುವುದು ಒಳ್ಳೆಯದೇ ಬಿಡಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜನ ಹೇಗೆ ಮುಗಿಬಿದ್ದಿದ್ದರು ಅಂತ ವಿಡಿಯೋ ನೋಡಿರುತ್ತೀರಿ. ಅದಾದ ಮೇಲೇ ಸರ್ಕಾರ ಆನ್‌ಲೈನ್ ಬುಕಿಂಗ್ ಅಂತ ಬಿಗಿ ಮಾಡಿದ್ದು.

ನರಸಿಂಹ ಪರ್ವತದ ವಿಶೇಷ ಏನೆಂದರೆ ಎರಡು ಕಡೆಯಿಂದ ದಾರಿ ಇದೆ. ಮಲ್ಲಂದೂರಿನ ಕಡೆ ಉದ್ದ, ದಟ್ಟ ಕಾಡು. ಕಿಗ್ಗದ ಕಡೆ ದೂರ ಕಮ್ಮಿ, ಏರು ಜಾಸ್ತಿ. ಹಾಗಾಗಿ ಮಲ್ಲಂದೂರಿನಿಂದ ಹತ್ತಿ ಕಿಗ್ಗಕ್ಕೆ ಇಳಿಯಿರಿ. ಹತ್ತಿದ್ದು ತೀರ್ಥಹಳ್ಳಿ ತಾಲೂಕು, ಇಳಿದಿದ್ದು ಚಿಕ್ಕಮಗಳೂರು ಜಿಲ್ಲೆ, ಅಷ್ಟರ ಮಟ್ಟಿಗೆ ಎಲ್ಲಿಂದಲೋ ಎಲ್ಲಿಗೋ ನಡೆದುಕೊಂಡು ಹೋದೆವು ಅನ್ನುವ ಖುಷಿ ಇದೆ. ಆದರೆ ಆಗುಂಬೆಯಲ್ಲಿ ಕಾರು ನಿಲ್ಲಿಸಿದಿರೋ, ಕೆಟ್ಟಿರಿ. ಕಿಗ್ಗದಲ್ಲಿ ಇಳಿದು ಕಾರಿಗಾಗಿ ಸುತ್ತು ಹಾಕಿ ಮತ್ತೆ ಆಗುಂಬೆಗೆ ಬರಬೇಕು. ತೀರ್ಥಹಳ್ಳಿಯಲ್ಲಿ ಯಾರದ್ದಾದರೂ ಮನೆ ಮುಂದೆ ಬಿಟ್ಟು ಬಸ್ ಹತ್ತಿ. ಅಲ್ಲಿಂದ ಆಗುಂಬೆ 30 ಕಿ.ಮೀ. ಆಸುಪಾಸು, ಆಗುಂಬೆಯಿಂದ ಮಲ್ಲಂದೂರಿಗೆ ಆಟೋ. ವಾಪಸ್ ಬರುವಾಗ ಕಿಗ್ಗದಿಂದ ಶೃಂಗೇರಿ, ಶೃಂಗೇರಿಯಿಂದ ತೀರ್ಥಹಳ್ಳಿ.

ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಬರುತ್ತದೆ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಹೋಗುವ ಹಾಗಿಲ್ಲ, ರಾತ್ರಿ ಮೇಲೆ ಟೆಂಟ್ ಹಾಕುವ ಆಸೆ ಇದ್ದರೆ ಬಿಡಿ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುತ್ತೇವೆ ಅಂತ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ, ಬುಕಿಂಗ್‌ನಲ್ಲಿ ಒಂದು ಗೇಟಿನ ಹೆಸರು ಮಾತ್ರ ಇದ್ದರೆ ಇನ್ನೊಂದು ಗೇಟಿನಲ್ಲಿ ತಕರಾರು ಬರಬಹುದು.

ಹಿಂದಿನ ರಾತ್ರಿ ಉಳಿದ ಜಾಗದ ಬಗ್ಗೆ ಹೇಳದಿದ್ದರೆ ಮನಸ್ಸು ತಡೆಯಲ್ಲ. ಆಗುಂಬೆ ಸುತ್ತಮುತ್ತಲಿನ ಒಂದು ಹೋಂಸ್ಟೇ. ಫೋನಿನಲ್ಲಿ 1,800 ಅಂದರು. ಎರಡು ಜನಕ್ಕೆ ಒಂದು ರೂಮು, ಊಟ ಸೇರಿ, ಪರವಾಗಿಲ್ಲ ಅಂದುಕೊಂಡೆವು. ಬೆಳಗ್ಗೆ ಬಿಲ್ ನೋಡಿದರೆ ಅದು ತಲೆಗೆ 1,800. ಮೇಲೆ ಬೆಂಕಿ ಹಾಕಿದ್ದಕ್ಕೆ ಬೇರೆ. ಆ ಬೆಂಕಿ ನಾವು ಕೇಳಿದ್ದಲ್ಲ, ಪಕ್ಕದ ರೂಮಿನ ಹುಡುಗರು ಸ್ಪೀಕರ್ ಇಟ್ಟುಕೊಂಡು ಹನ್ನೆರಡು ಗಂಟೆವರೆಗೆ ಕುಣಿದ ಬೆಂಕಿ. ಊಟ ಅಂದರೆ ಆರಿದ ಚಪಾತಿ, ಕೆಂಪು ಬಣ್ಣದ ಪನೀರ್. ಮಲೆನಾಡಿನ ನಡುವೆ ಕೂತು ಪನೀರ್ ಯಾಕೆ ಮಾರಾಯ್ರೇ? ಹಿತ್ತಲಲ್ಲಿ ಬಾಳೆ, ಕೆಸು ಎಲ್ಲ ಇತ್ತು. ಈ ಕಡೆ ಹೋಂಸ್ಟೇಗಳಲ್ಲಿ ತಲೆ ಲೆಕ್ಕ ಮಾಮೂಲು, ಆದರೆ ಅದನ್ನು ಬಾಯಿಬಿಟ್ಟು ಹೇಳುವವರು ಕಮ್ಮಿ. "ಒಬ್ಬರಿಗಾ, ರೂಮಿಗಾ?" ಅಂತ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಇಲ್ಲವೇ ತೀರ್ಥಹಳ್ಳಿಯಲ್ಲೇ ಒಂದು ಸಾದಾ ಲಾಡ್ಜ್ ಹಿಡಿದು ಬೆಳಗಿನ ಮೊದಲ ಬಸ್ ಹತ್ತಿ.

ದಾರಿಯ ಬಗ್ಗೆ ಜಾಸ್ತಿ ಹೇಳಲ್ಲ, ಗೈಡ್ ಜೊತೆಗೆ ಇರುತ್ತಾರೆ. ಕಾಡು ಮುಗಿದು ಹುಲ್ಲು ಬಂದ ಕೂಡಲೇ ಬಿಸಿಲು ಹೊಡೆಯುತ್ತದೆ, ತಲೆಗೆ ಏನಾದರೂ ಇರಲಿ. ಸೀತಾನದಿ ಹುಟ್ಟುವುದು ಈ ಬೆಟ್ಟದ ಹತ್ತಿರವೇ, ಆದರೂ ದಾರಿಯಲ್ಲಿ ನೀರು ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ತಲೆಗೆ ಮೂರು ಲೀಟರ್ ಇಟ್ಟುಕೊಳ್ಳಿ.

ಯಾವ ತಿಂಗಳು ಹೋಗಬೇಕು ಅನ್ನುವುದು ಇದಕ್ಕಿಂತ ಮುಖ್ಯ. ಮಳೆಗಾಲದಲ್ಲಿ ಇಂಬಳ. ಆಗುಂಬೆಯ ಮಳೆ ಗೊತ್ತಲ್ಲ, ಸಾಕ್ಸ್ ಒಳಗೂ ಬರುತ್ತವೆ. ಸುಣ್ಣಕ್ಕೆ ಹೊಗೆಸೊಪ್ಪು ಸೇರಿಸಿ ಬಟ್ಟೆಯಲ್ಲಿ ಕಟ್ಟಿಕೊಂಡರೆ ಮುಟ್ಟಿಸಿದ ಕೂಡಲೇ ಬಿಡುತ್ತವೆ. ಇಂಬಳದ ಬಗ್ಗೆ ಕೂಗಾಡುವವರನ್ನು ನೋಡಿದರೆ ನನಗೆ ನಗು, ಸ್ವಲ್ಪ ರಕ್ತ ಕುಡಿದು ಅದರ ಪಾಡಿಗೆ ಉದುರುತ್ತದೆ. ನಾನು ಹೆದರುವುದು ಉಣುಗಿಗೆ, ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಆ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಟ. ಇದಕ್ಕೇ ಅಂತ ಔಷಧಿ ಇಲ್ಲ. ಆ ತಿಂಗಳುಗಳಲ್ಲಿ ಹೋಗುವುದಾದರೆ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ಎಣ್ಣೆ ಕೇಳಿ, ಕೈಕಾಲಿಗೆ ಹಚ್ಚಿ, ಒಣ ಎಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಬಕೆಟ್‌ಗೆ. ಒಂದೆರಡು ವಾರದಲ್ಲಿ ಜ್ವರ ಬಂದರೆ ಮಾತ್ರೆ ನುಂಗಿ ಸುಮ್ನೆ ಮಲಗಬೇಡಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ನನ್ನ ಲೆಕ್ಕದಲ್ಲಿ ನವೆಂಬರ್ ಸರಿ: ಇಂಬಳ ಕಮ್ಮಿಯಾಗಿರುತ್ತದೆ, ಉಣುಗಿನ ಕಾಲ ಇನ್ನೂ ಬಂದಿರುವುದಿಲ್ಲ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ.

ಕಿಗ್ಗದಲ್ಲಿ ಋಷ್ಯಶೃಂಗನ ದೇವಸ್ಥಾನ. ಮಳೆ ಬರದಿದ್ದರೂ ಇಲ್ಲೇ ಪೂಜೆ, ಜಾಸ್ತಿ ಬಂದರೂ ಇಲ್ಲೇ ಪೂಜೆ. ನಾವು ಬೇಡಿಕೊಂಡಿದ್ದು ಬಸ್ಸಿಗೆ. ಕಾರ್ಮಿಕರೇ ಸೇರಿ ಬಸ್ ಓಡಿಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗಿನಿಂದ ಈ ಕಡೆಯ ಜನ ಅದನ್ನು ನೆನೆಸಿಕೊಳ್ಳದ ದಿನ ಇಲ್ಲ. ಮಧ್ಯಾಹ್ನ ನಾಲ್ಕರ ಒಳಗೆ ಕೆಳಗೆ ಇಳಿಯುವ ಹಾಗೆ ನಡೆಯಿರಿ. ಬಸ್ ತಪ್ಪಿದರೆ ಶೃಂಗೇರಿಗೆ ಆಟೋನೇ ಗತಿ, ಕತ್ತಲಾದಷ್ಟೂ ರೇಟು ಏರುತ್ತದೆ.

ಶೃಂಗೇರಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಗಲ್ಲಿಯಲ್ಲಿ ಬೋರ್ಡೇ ಇಲ್ಲದ ಒಂದು ಹೋಟೆಲ್ ಇದೆ, ಮನೆಯ ಜಗಲಿಗೇ ನಾಲ್ಕು ಬೆಂಚು ಹಾಕಿದ್ದಾರೆ. ಸಂಜೆ ಕಾವಲಿಯಿಂದ ಒಂದೊಂದೇ ನೀರುದೋಸೆ ತೆಗೆದು ಎಲೆಗೆ ಹಾಕುತ್ತಾರೆ. ಜೊತೆಗೆ ತೆಂಗಿನಕಾಯಿ ಬೆಲ್ಲದ ಹೂರಣ, ಖಾರ ಬೇಕಾದವರಿಗೆ ಗಟ್ಟಿ ಕಾಯಿ ಚಟ್ನಿ, ಪಕ್ಕಕ್ಕೆ ಒಂದು ಮಿಡಿ ಉಪ್ಪಿನಕಾಯಿ. ಅಪ್ಪೆಮಿಡಿಯೇ, ಸೊನೆಯ ಘಮ ಬಾಗಿಲಿನಲ್ಲೇ ಬರುತ್ತಿತ್ತು. ನಾನು ಎಷ್ಟು ತಿಂದೆ ಅಂತ ಎಣಿಸಿಲ್ಲ, ಭಾವ ಎಣಿಸಿ ಅಕ್ಕನಿಗೆ ಹೇಳಿದ್ದಾನೆ. ಸಾಕು ಅಂದರೆ ಆ ಅಮ್ಮ, "ಗುಡ್ಡ ಇಳಿದು ಬಂದೀರಿ, ಎಂತ ಸಾಕು? ಇನ್ನೆರಡು ಹಾಕ್ತೆ" ಅಂತ ಹಾಕಿಬಿಟ್ಟರು. ಕೊನೆಗೆ ಜೀರಿಗೆ ಕಷಾಯ. ಇಬ್ಬರಿಗೂ ಸೇರಿ ಆದ ದುಡ್ಡು, ಹೋಂಸ್ಟೇಯವರು ಬೆಂಕಿಗೆ ಹಾಕಿದ್ದ ಬಿಲ್ಲಿನ ಅರ್ಧವೂ ಇಲ್ಲ. ಬೇಗ ಹೋಗಿ, ಹಿಟ್ಟು ಮುಗಿದರೆ ಬಾಗಿಲು ಹಾಕುತ್ತಾರೆ.

ಚಿಕ್ಕ ಮಕ್ಕಳು, ಮಂಡಿ ನೋವಿನವರು ಜೊತೆಗಿದ್ದರೆ ಇದು ಬೇಡ. ಅವರನ್ನು ಕವಲೇದುರ್ಗಕ್ಕೆ ಕರೆದುಕೊಂಡು ಹೋಗಿ, ಕಲ್ಲು ಹಾಸಿದ ದಾರಿ, ಕೋಟೆ ನೋಡಿ ಮಧ್ಯಾಹ್ನಕ್ಕೆ ಇಳಿಯಬಹುದು. ಅದೂ ಆಗದಿದ್ದರೆ ಕುಂದಾದ್ರಿ, ಬಸದಿಯ ಹತ್ತಿರದವರೆಗೂ ರಸ್ತೆ ಇದೆ. ಅಲ್ಲಿಗೆ ಮಾತ್ರ ಕಾರು ತೆಗೆದುಕೊಂಡು ಹೋಗಿ.