ಎಂಬತ್ತೆಂಟನೆಯ ಕೀರ್ತನೆಯ ಸಂಜೆ

ನಮ್ಮ ಹಾಸ್ಟೆಲಿನ ಸಂಜೆ ಪ್ರಾರ್ಥನೆಯಲ್ಲಿ ಬೈಬಲಿನ ಕೀರ್ತನೆಗಳನ್ನು ಬೇಕಾದ್ದು ಆರಿಸಿ ಓದುವ ಪದ್ಧತಿ ಇರಲಿಲ್ಲ. ಜೂನ್ 1ಕ್ಕೆ ಮೊದಲನೆಯದು, ಮರುದಿನ ಎರಡನೆಯದು, ಹೀಗೆ ದಿನಕ್ಕೊಂದು. ಲೆಕ್ಕ ತಪ್ಪದಿದ್ದರೆ ಆಗಸ್ಟ್ 27ರ ಸಂಜೆಗೆ 88ನೆಯ ಕೀರ್ತನೆ ಬರುತ್ತಿತ್ತು. ಅದನ್ನು ಹಾರಿಸಿ ಮುಂದಿನದಕ್ಕೆ ಹೋಗಲು ನಮ್ಮ ಬೈಬಲ್ ಪಾಠದ ಗುರುಗಳು ಯಾರಿಗೂ ಬಿಡುತ್ತಿರಲಿಲ್ಲ. ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂದಾಗ ಎಲ್ಲಕ್ಕಿಂತ ಮೊದಲು ಕಣ್ಣಮುಂದೆ ಬಂದದ್ದು ಆ ಸಂಜೆ. ಬೇಡಿದ್ದು ಸಿಗದಿದ್ದಾಗಲೂ ದೇವರ ಮುಂದೆ ಕೂತಿರುವುದು ಹೇಗೆ ಎಂಬುದನ್ನು ಅವರು ಕೈಕಸುಬು ಕಲಿಸುವ ಹಾಗೆ, ಹಂತ ಹಂತವಾಗಿ ಕಲಿಸಿದರು. ಈಗಿನ ಮಕ್ಕಳಿಗೂ ಅದು ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಭ್ಯಾಸ ಶುರುವಾಗುತ್ತಿದ್ದುದು ಜೂನ್ ಎರಡನೆಯ ವಾರದಲ್ಲಿ, 13ನೆಯ ಕೀರ್ತನೆಯಿಂದ. ಅದರಲ್ಲಿರುವುದು ಆರೇ ವಚನ. ಮೊದಲ ಎರಡು ವಚನ ಪೂರ್ತಿ ದೂರು: ಇನ್ನೆಷ್ಟರವರೆಗೆ ಎಂದು ಭಕ್ತ ನಾಲ್ಕು ಸಲ ಕೇಳುತ್ತಾನೆ. ನಡುವಿನ ಎರಡು ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡು ಭರವಸೆ. ಒಬ್ಬ ಗಟ್ಟಿಯಾಗಿ ಇಡೀ ಕೀರ್ತನೆ ಓದುತ್ತಿದ್ದ. ಎರಡನೆಯ ಸಲ ಎಲ್ಲರೂ ಸಣ್ಣ ದನಿಯಲ್ಲಿ ಓದಿ, ಎರಡನೆಯ ವಚನ ಮುಗಿದಲ್ಲಿ ನಿಲ್ಲಬೇಕು. ಗೋಡೆ ಗಡಿಯಾರ ನೋಡಿ ಮೂರು ನಿಮಿಷ ಮೌನ. ಅಷ್ಟರಲ್ಲಿ ಪ್ರತಿಯೊಬ್ಬನೂ ತನ್ನ ದೂರನ್ನು ಮನಸ್ಸಿನಲ್ಲೇ ಒಂದು ವಾಕ್ಯಕ್ಕೆ ಇಳಿಸಬೇಕು. ಆಮೇಲೆ ಮೂರು, ನಾಲ್ಕನೆಯ ವಚನ. ಮತ್ತೆ ಮೌನ, ಈ ಸಲ ಬೇಡಿಕೆಗೆ. ಕಡೆಗೆ ಐದು, ಆರು.

ಎಡವಟ್ಟಾಗುತ್ತಿದ್ದುದು ಆ ಮೊದಲ ಮೌನದಲ್ಲೇ. ದೂರು ಹೇಳಿದರೆ ಪಾಪವೆಂಬ ಭಯ. ಹಾಗಾಗಿ ಎಲ್ಲರಿಗೂ ಭರವಸೆಯ ವಚನಗಳಿಗೆ ಓಡುವ ಆತುರ. ದೂರನ್ನು ನುಂಗಿಕೊಂಡು ಹಾಡಿದ ಸ್ತೋತ್ರ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ, ಕೆಲವು ತಿಂಗಳಲ್ಲಿ ಪ್ರಾರ್ಥನೆಯೇ ನಿಂತುಹೋಗುತ್ತದೆ ಎಂದು ಗುರುಗಳು ಎಚ್ಚರಿಸುತ್ತಿದ್ದರು. ದೇವರನ್ನು ಪ್ರೀತಿಯಿಂದಲೇ ತರಾಟೆಗೆ ತೆಗೆದುಕೊಳ್ಳುವ ನಿಂದಾಸ್ತುತಿ ಕನ್ನಡದ ಕಿವಿಗೆ ಹೊಸದಲ್ಲ. ಆದರೂ ಚರ್ಚಿನೊಳಗೆ ಕಾಲಿಟ್ಟ ಕೂಡಲೇ ನಾವು ಅದನ್ನು ಮರೆಯುತ್ತೇವೆ. ಎಲ್ಲವನ್ನೂ ಕಳೆದುಕೊಂಡು ದೇವರನ್ನೇ ಪ್ರಶ್ನಿಸಿದ ಯೋಬನ ಗ್ರಂಥದ 42ನೆಯ ಅಧ್ಯಾಯವನ್ನು ಅವರು ಇಲ್ಲಿಗೆ ತರುತ್ತಿದ್ದರು. ದೇವರ ಪರವಾಗಿ ಅಷ್ಟೆಲ್ಲ ವಾದಿಸಿದ ಅವನ ಗೆಳೆಯರ ಮೇಲೆ ದೇವರಿಗೆ ಕೋಪ ಬರುತ್ತದೆ. ಜಗಳ ಹೂಡಿದ ಯೋಬನೇ ಸರಿಯಾಗಿ ಮಾತಾಡಿದವನು ಎನಿಸಿಕೊಳ್ಳುತ್ತಾನೆ. ಗೆಳೆಯರ ಮಾತೆಲ್ಲ ದೇವರ ಕುರಿತಾಗಿತ್ತು. ಯೋಬ ದೇವರ ಕಡೆಗೇ ತಿರುಗಿ ಮಾತಾಡಿದ್ದ.

ಕೊನೆಯ ಎರಡು ವಚನಗಳನ್ನು ಮನಸ್ಸಾರೆ ಹೇಳಲಾಗದವನು ಏನು ಮಾಡಬೇಕು? ಸುಮ್ಮನಿರಬೇಕು, ಪಕ್ಕದವನು ಅವನ ಪಾಲನ್ನೂ ಸೇರಿಸಿ ಓದಬೇಕು. ಇದಕ್ಕೆ ಆಧಾರ ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು, ಜನರ ಗುಂಪಿನಿಂದ ಒಳಗೆ ಹೋಗಲಾಗದೆ, ಮಾಳಿಗೆ ಬಿಚ್ಚಿ ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಯೇಸು ‘ಅವರ’ ನಂಬಿಕೆಯನ್ನು ನೋಡಿದನು ಎಂದು ಬರೆದಿದೆ. ಮಲಗಿದ್ದವನ ನಂಬಿಕೆ ಎಷ್ಟಿತ್ತೆಂದು ಅಲ್ಲಿ ಯಾರೂ ಅಳೆಯಲಿಲ್ಲ. ಹೊರುವುದಕ್ಕೆ ನಾಲ್ವರು ಬೇಕಾದರು. ಪ್ರಾರ್ಥಿಸಲು ಬಾಯಿ ಬಾರದ ಕಾಲದಲ್ಲಿ ಒಂಟಿಯಾಗಿ ಕೋಣೆ ಸೇರುವುದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂಬ ಅವರ ಮಾತನ್ನು ನಾನು ಇವತ್ತಿಗೂ ಪೂರ್ತಿ ಒಪ್ಪುತ್ತೇನೆ.

ಪ್ರಾರ್ಥನಾ ಕೋಣೆಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದು ಇತ್ತು. ಮೂರು ಕಲಂ: ತಾರೀಕು, ಬೇಡಿಕೆ, ನಡೆದದ್ದು. ಬೇಡಿಕೆ ಒಂದೇ ವಾಕ್ಯದಲ್ಲಿರಬೇಕು, ಖಚಿತವಾಗಿರಬೇಕು. ‘ಎಲ್ಲರನ್ನೂ ಆಶೀರ್ವದಿಸು’ ಎಂದು ಬರೆದರೆ ಹೊಡೆದುಹಾಕುತ್ತಿದ್ದರು. ಅದಕ್ಕೆ ಉತ್ತರ ಬಂದರೂ ಗೊತ್ತಾಗುವುದಿಲ್ಲ, ಬಾರದಿದ್ದರೂ ಗೊತ್ತಾಗುವುದಿಲ್ಲ. ತಿಂಗಳ ಮೊದಲ ಶನಿವಾರ ಪುಸ್ತಕ ತೆರೆದು ಹಳೆಯ ಸಾಲುಗಳನ್ನೆಲ್ಲ ಓದುವುದು. ಏನೂ ನಡೆಯದಿದ್ದಲ್ಲಿ ಮೂರನೆಯ ಕಲಂ ಖಾಲಿಯೇ ಇರಬೇಕು. ದೇವರು ‘ಹೌದು’, ‘ಇಲ್ಲ’, ‘ಕಾಯಿ’ ಎಂಬ ಮೂರರಲ್ಲಿ ಒಂದನ್ನು ಹೇಳುತ್ತಾರೆಂಬ ಬೋಧನೆ ಆಗಲೂ ಚಾಲ್ತಿಯಲ್ಲಿತ್ತು. ಗುರುಗಳು ಅದನ್ನು ಪುಸ್ತಕದೊಳಗೆ ಬರಲು ಬಿಡಲಿಲ್ಲ. ದೇವರು ಆಡದ ಮಾತನ್ನು ಅವರ ಹೆಸರಿನಲ್ಲಿ ಬರೆಯಲು ನಮಗೆ ಹಕ್ಕಿಲ್ಲ ಎನ್ನುತ್ತಿದ್ದರು. ಖಾಲಿ ಸಾಲುಗಳ ಬೇಡಿಕೆಯನ್ನು ಅದೇ ಮಾತಿನಲ್ಲಿ ಮತ್ತೆ ಓದುತ್ತಿದ್ದೆವು. ಸುಮ್ಮನೆ ಮಾತು ಬೆಳೆಸಬೇಡಿರಿ ಎಂದು ಮತ್ತಾಯನ ಸುವಾರ್ತೆಯಲ್ಲಿ, ಯೇಸುವಿನ ಪರ್ವತ ಪ್ರಸಂಗದಲ್ಲಿ ಹೇಳಿದೆಯಲ್ಲ ಎಂಬ ಅನುಮಾನ ಸಹಜ. ಆದರೆ ಅದೇ ಮತ್ತಾಯನ 26ನೆಯ ಅಧ್ಯಾಯದಲ್ಲಿ, ಸೆರೆಯಾಗುವ ರಾತ್ರಿ ಗೆತ್ಸೇಮನೆಯಲ್ಲಿ ಯೇಸು, ಯಾತನೆಯ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿ, ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದನು. ಆ ಪಾತ್ರೆ ತೊಲಗಲಿಲ್ಲ. ಅಪೊಸ್ತಲ ಪೌಲನೂ, ತಾನು ಶರೀರದ ಮುಳ್ಳು ಎಂದು ಕರೆದ ಬಾಧೆ ತೊಲಗಲೆಂದು ಮೂರು ಸಲ ಬೇಡಿಕೊಂಡ. ಸಿಕ್ಕಿದ್ದು ಕೃಪೆ, ಮುಳ್ಳು ಉಳಿಯಿತು.

ಉತ್ತರ ಬಾರದಿದ್ದರೆ ನಂಬಿಕೆ ಸಾಲಲಿಲ್ಲ ಎಂಬ ತೀರ್ಪು ಕೊಡುವವರಿಗಾಗಿ ಅವರು ಎರಡು ಭಾಗಗಳನ್ನು ಬಾಯಿಪಾಠ ಮಾಡಿಸಿದ್ದರು. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯರಲ್ಲಿ ಯಾಕೋಬ ಕತ್ತಿಗೆ ಬಲಿಯಾಗುತ್ತಾನೆ, ಪೇತ್ರ ಸೆರೆಮನೆಯಿಂದ ಪಾರಾಗುತ್ತಾನೆ. ಒಂದೇ ಊರು, ಒಂದೇ ಸಭೆ, ಒಬ್ಬನೇ ಅರಸ ಹೆರೋದ. ಯಾಕೋಬನ ನಂಬಿಕೆ ಕಡಿಮೆಯಾಗಿತ್ತೆಂದು ಅದನ್ನು ಬರೆದ ಲೂಕ ಒಂದಕ್ಷರ ಬರೆದಿಲ್ಲ. ಇನ್ನೊಂದು, ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ. ನಂಬಿಕೆಯಿಂದ ಸಿಂಹಗಳ ಬಾಯಿ ಮುಚ್ಚಿದವರು, ಕತ್ತಿಯಿಂದ ತಪ್ಪಿಸಿಕೊಂಡವರು ಎಂದು ಸಾಗುವ ಪಟ್ಟಿ 35ನೆಯ ವಚನದ ನಡುವೆ ಸಟ್ಟನೆ ತಿರುಗಿಬಿಡುತ್ತದೆ. ಅಲ್ಲಿಂದ ಮುಂದೆ ಯಾತನೆಪಟ್ಟವರು, ಕಲ್ಲೆಸೆತಕ್ಕೆ ಸಿಕ್ಕವರು, ಕತ್ತಿಯಿಂದ ಸತ್ತವರು. ಎರಡೂ ಗುಂಪು ಅದೇ ನಂಬಿಕೆಯ ಪಟ್ಟಿಯಲ್ಲಿವೆ. ದೇವರಿಂದ ಪಡೆದದ್ದನ್ನು ಎಲ್ಲರೆದುರು ಹೇಳುವ ಸಾಕ್ಷಿ ಕೂಟಗಳಲ್ಲಿ ಮೊದಲ ಗುಂಪಿನವರಿಗೆ ಮಾತ್ರ ಮೈಕು ಸಿಗುತ್ತದೆ. ಇದರಿಂದ ಎಷ್ಟೋ ಜನ ಸದ್ದಿಲ್ಲದೆ ಚರ್ಚಿನ ಹಿಂದಿನ ಬೆಂಚಿಗೆ, ಅಲ್ಲಿಂದ ಹೊರಗೆ ಹೋಗಿಬಿಡುತ್ತಾರೆ.

ಕಾಯಿಲೆ ಬಿದ್ದವರಿಗಾಗಿ ಪ್ರಾರ್ಥಿಸುವಾಗ ಔಷಧಿ ಬಿಡಿ ಎನ್ನಬಾರದು. ಪೌಲನೇ ತನ್ನ ಜೊತೆಗಾರ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದವನು. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯವನಾಗಿಯೇ ಬಿಟ್ಟು ಮುಂದೆ ಹೋದವನು. ಸಾಯುವುದೇ ಲೇಸು ಎಂದ ಪ್ರವಾದಿ ಎಲೀಯನಿಗೂ ದೂತನು ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು. ಹಾಗಾಗಿ ಯಾರಾದರೂ ಬದುಕೇ ಸಾಕೆಂದರೆ ನಾವು ಮಾಡಬೇಕಾದ್ದು ಗೊತ್ತುಮಾಡಿತ್ತು: ಒಂಟಿಯಾಗಿ ಬಿಡಬಾರದು, ಊಟ ಮಾಡಿಸಬೇಕು, ಆ ದಿನವೇ ವಾರ್ಡನ್ನರಿಗೆ ತಿಳಿಸಿ ಡಾಕ್ಟರ ಬಳಿಗೆ ಕರೆದೊಯ್ಯಬೇಕು.

ಸಾವಿನ ಮನೆಗೆ ಹೋಗುವಾಗಲೂ ನಿಯಮವಿತ್ತು. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಬಾಯಿಬಿಡದೆ ನೆಲದ ಮೇಲೆ ಕೂತಿದ್ದಷ್ಟು ಹೊತ್ತೂ ಸರಿಯಾಗಿಯೇ ಇದ್ದರು. ಅದಕ್ಕೇ, ‘ಎಲ್ಲ ದೇವರ ಚಿತ್ತ’ ಎಂಬ ಮಾತು ಹೊರಗಿನಿಂದ ಹೋದವರ ಬಾಯಲ್ಲಿ ಬರಬಾರದು. ಆ ಮನೆಯವರೇ ಹೇಳಿಕೊಂಡರೆ ತಲೆದೂಗಬಹುದು. ನೀರು ತುಂಬಿಕೊಡುವುದು, ಕುರ್ಚಿ ಹಾಕುವುದು, ಕೇಳಿದರೆ ಒಂದು ಕೀರ್ತನೆ ಓದುವುದು, ಇಷ್ಟೇ.

ಇಷ್ಟೆಲ್ಲ ಆದಮೇಲೆ ಆಗಸ್ಟ್ 27. 88ನೆಯ ಕೀರ್ತನೆಯ 18 ವಚನಗಳಲ್ಲಿ, 13ನೆಯ ಕೀರ್ತನೆಯಲ್ಲಿದ್ದ ಭರವಸೆಯ ಆ ಕೊನೆಯ ತಿರುವು ಬರುವುದೇ ಇಲ್ಲ. ಕತ್ತಲೆಯ ಮಾತಿನಲ್ಲಿ ಮುಗಿಯುತ್ತದೆ. ಬೆರಳಿಟ್ಟು ಹುಡುಕಿರಿ ಎಂದು ಗುರುಗಳು ಹೇಳಿದಾಗ ಸಿಕ್ಕಿದ್ದು ಬೇರೆ: 1ನೆಯ ವಚನದಲ್ಲಿ ಹಗಲಿರುಳು ಮೊರೆಯಿಟ್ಟೆ ಎನ್ನುತ್ತಾನೆ, 9ರಲ್ಲಿ ಪ್ರತಿದಿನ, 13ರಲ್ಲಿ ಬೆಳಗ್ಗೆ. ಅವನ ರಕ್ಷಣೆ ಬಂತೋ ಇಲ್ಲವೋ ಕೀರ್ತನೆ ತಿಳಿಸುವುದಿಲ್ಲ, ಆದರೆ ಶುರುವಿನಲ್ಲೇ ದೇವರನ್ನು ನನ್ನ ರಕ್ಷಣೆಯ ದೇವರೇ ಎಂದು ಕರೆದಿದ್ದಾನೆ.

ಆ ಸಂಜೆ ಮಾತ್ರ ಹಾರ್ಮೋನಿಯಂ ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಮುಕ್ತಾಯದ ಹಾಡಿಲ್ಲ, ವಿವರಣೆಯಿಲ್ಲ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿ, ಪುಸ್ತಕದ ಖಾಲಿ ಸಾಲುಗಳ ಮೇಲೆ ಕೈಯಿಟ್ಟು ಎದ್ದುಹೋಗುವುದು. ಮರುದಿನ 89ನೆಯದು, ಕರ್ತನ ಕೃಪೆಯನ್ನು ಹಾಡುವೆನೆಂದು ಆರಂಭವಾಗುತ್ತದೆ, 46ನೆಯ ವಚನಕ್ಕೆ ಬರುವಾಗ ಮತ್ತೆ ‘ಇನ್ನೆಷ್ಟರವರೆಗೆ’ ಎಂದು ಕೇಳುತ್ತದೆ.